ಬೆನ್ನಿನಲ್ಲಿ ಉಳಿದ ಸೇಬು

ಫ್ರಾನ್ಸ್ ಕಾಫ್ಕಾನ ‘ರೂಪಾಂತರ’ ಕಥೆಯನ್ನು ವಿಮರ್ಶಕರು ಬಹುಮಟ್ಟಿಗೆ ಆಧುನಿಕ ಮನುಷ್ಯನ ಪರಕೀಯತೆಯ ರೂಪಕವೆಂದು ವಿವರಿಸುತ್ತ ಬಂದಿದ್ದಾರೆ. ಯೌವನದಲ್ಲಿ ನಾನೂ ಹಾಗೆಯೇ ಓದಿದ್ದೆ. ಊರೂರು ತಿರುಗಿ ಬಟ್ಟೆ ಮಾರುವ ಗ್ರೆಗರ್ ಸಾಮ್ಸಾ ಒಂದು ಬೆಳಗ್ಗೆ ಎಚ್ಚೆತ್ತಾಗ ದೊಡ್ಡ ಹುಳುವಾಗಿರುತ್ತಾನೆ. ಮುಂದಿನದೆಲ್ಲವೂ ಸಂಕೇತವೆಂದುಕೊಂಡರೆ ಓದು ಸುಲಭವಾಗುತ್ತದೆ. ಈಚೆಗೆ ಪುನಃ ಓದಿದಾಗ ಅವನ ಬೆನ್ನಿನ ಗಾಯ ನನ್ನನ್ನು ತಡೆದು ನಿಲ್ಲಿಸಿತು.

ಇದಕ್ಕೆ ಕಾರಣವುಂಟು. ನಮ್ಮ ಕಾಸರಗೋಡಿನ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಕೆ ಮರವೇರಿ ಜಾರಿ ಬಿದ್ದವರನ್ನು ನಾವೆಲ್ಲ ಬಲ್ಲೆವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಬಿದ್ದು ಹದಿನೇಳು ವರ್ಷಗಳಾದುವು. ಮೂಳೆ ಕೂಡಿದೆ, ನಡೆದಾಡುತ್ತಾನೆ. ಸೊಂಟದ ನೋವು ಮಾತ್ರ ಒಂದು ದಿನವೂ ಬಿಟ್ಟಿಲ್ಲ. ನೋಡಿದವರ ಕಣ್ಣಿಗೆ ಅವನು ಆರೋಗ್ಯವಂತ.

ಕಾಫ್ಕಾ 1908ರಿಂದ 1922ರವರೆಗೆ ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದ. ಮರ ಹೆರೆಯುವ ಯಂತ್ರಗಳಿಗೆ ಬೆರಳು ಸಿಕ್ಕಿ ತುಂಡಾಗುವುದನ್ನು ತಡೆಯುವ ಬಗೆಯನ್ನು ಚಿತ್ರಸಹಿತ ವಿವರಿಸಿ ವರದಿ ಬರೆದಿದ್ದ. 1912ರಲ್ಲಿ ರಚಿತವಾಗಿ 1915ರಲ್ಲಿ ಪ್ರಕಟವಾದ ಈ ಕಥೆಯಲ್ಲಿ ಆ ಕಚೇರಿಯ ಗಾಳಿ ಬೀಸುತ್ತಿದೆಯೆಂದೇ ನನ್ನ ಎಣಿಕೆ. ಐದು ವರ್ಷ ಒಮ್ಮೆಯೂ ಕಾಯಿಲೆ ಬೀಳದ ಗ್ರೆಗರನಿಗೆ ಒಂದು ಬೆಳಗಿನ ರೈಲು ತಪ್ಪಿದರೆ ಮೇಲಧಿಕಾರಿ ಮನೆ ಬಾಗಿಲಿಗೇ ಬರುತ್ತಾನೆ, ವಸೂಲಿಯ ಹಣದ ಬಗೆಗೂ ಸಂಶಯ ಸೂಚಿಸುತ್ತಾನೆ. ವಿಮೆಯ ವೈದ್ಯನ ಲೆಕ್ಕದಲ್ಲಿ ರೋಗಿಗಳೇ ಇಲ್ಲ, ಮೈಗಳ್ಳರಷ್ಟೇ ಇದ್ದಾರೆಂದು ಗ್ರೆಗರ್ ಮೊದಲೇ ಅಂಜಿರುತ್ತಾನೆ. ನಮ್ಮ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯ ಶೇಕಡಾ 30 ನಷ್ಟವೆಂದಿತ್ತು. ಅಂಗಾಂಗಗಳೆಲ್ಲ ಇದ್ದು ನೋವೊಂದೇ ಉಳಿದವನು ಅದನ್ನು ಯಾರೆದುರು ಬಿಚ್ಚಿ ತೋರಿಸಬೇಕು?

ಕಥೆಯ ನಿಜವಾದ ಶಕ್ತಿಯಿರುವುದು ಉತ್ತರಾರ್ಧದಲ್ಲಿ. ತಂದೆ ಎಸೆದ ಸೇಬು ಬೆನ್ನಿನಲ್ಲಿ ನಾಟುತ್ತದೆ. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಾರದು. ಮೊದಮೊದಲು ಮನೆಯವರಿಗೆ ಕರುಣೆ ಹುಟ್ಟುತ್ತದೆ, ಸಂಜೆ ಅವನ ಕೋಣೆಯ ಬಾಗಿಲನ್ನು ತೆರೆದಿಡುತ್ತಾರೆ. ದಿನ ಸರಿದಂತೆ ಅಕ್ಕರೆಯ ತಂಗಿಯೇ ಅವನ ಊಟವನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತಾಳೆ, ಮನೆಯ ಬೇಡದ ಸಾಮಾನು ಅವನ ಕೋಣೆ ಸೇರುತ್ತದೆ. ಇಲ್ಲಿ ದುಷ್ಟರೆಂಬವರಿಲ್ಲ. ತಂದೆ, ತಾಯಿ, ತಂಗಿ ಮೂವರೂ ಹೊಟ್ಟೆಪಾಡಿಗಾಗಿ ದುಡಿದು ದಣಿದವರು. ಕಾಫ್ಕಾ ಯಾರನ್ನೂ ದೂರದೆ, ಕನಿಕರ ಸವೆಯುವ ಕ್ರಮವನ್ನು ಹಾಜರಿ ಪುಸ್ತಕದಷ್ಟು ನಿಖರವಾಗಿ ಬರೆದಿಟ್ಟಿದ್ದಾನೆ.

ಮುಕ್ತಾಯವನ್ನು ಮಾತ್ರ ನಾನು ಒಪ್ಪಲಾರೆ. ಕೆಲವೇ ತಿಂಗಳಲ್ಲಿ ಗ್ರೆಗರ್ ಸಾಯುತ್ತಾನೆ, ಮನೆಯವರು ಟ್ರಾಮಿನಲ್ಲಿ ಊರ ಹೊರಗೆ ವಿಹಾರ ಹೊರಡುತ್ತಾರೆ. ಈ ಸಾವು ಲೇಖಕನಿಗೂ ಒಂದು ಬಿಡುಗಡೆಯೇ. ನಾನು ಓದಿದಷ್ಟರಲ್ಲಿ ಕನ್ನಡದ ಕಥೆ ಕಾದಂಬರಿಗಳಲ್ಲಿಯೂ ಕೂಲಿಯವನ ಸಾವಿಗೆ ಸಂದ ಪುಟಗಳು, ಸಾಯದೆ ಉಳಿದವನ ನೋವಿಗೆ ಸಂದಿಲ್ಲ.

ಈ ಕಥೆಯನ್ನು ಆ ವಿದ್ಯಾರ್ಥಿಗೆ ತುಳುವಿನಲ್ಲಿ ಹೇಳಿದೆ. ಮನುಷ್ಯ ಹುಳುವಾದನೆಂಬುದು ಅವನಿಗೆ ಸೋಜಿಗವೆನಿಸಲಿಲ್ಲ. “ಆ ಸೇಬನ್ನು ಯಾರೂ ತೆಗೆಯಲಿಲ್ಲವೇ, ಮಾಷ್ಟ್ರೇ?” ಎಂದು ಕೇಳಿದ. ಇಲ್ಲವೆಂದೆ. ಅದು ನಾಟಿ ಎಷ್ಟು ದಿನ ನೋವು ತಿಂದನೆಂದು ಕೇಳಿದ. ಒಂದು ತಿಂಗಳಿಗೂ ಮಿಕ್ಕಿ ಎಂದೆ. ಅವನು ನಕ್ಕುಬಿಟ್ಟ.