ಹಗುರ ಎಂಬ ತಪ್ಪು ಹೊಗಳಿಕೆ

ಜಾವಾಸ್ಕ್ರಿಪ್ಟ್ ಬರೆಯುವವರಲ್ಲಿ, ಪ್ರೋಗ್ರಾಮಿನೊಳಗೆ ಏನಾಗುತ್ತಿದೆ ಎಂದು ಸಾಲುಸಾಲಾಗಿ ಬರೆದು ತೋರಿಸುವ ‘ಡೀಬಗ್’ ಪ್ಯಾಕೇಜಿನ ಬಗ್ಗೆ ಭಿನ್ನಾಭಿಪ್ರಾಯ ಕೇಳಿಬರುವುದು ಅಪರೂಪ. ಹಗುರ, ಬೇಡವೆಂದಾಗ ಮೌನ, ಕನ್ಸೋಲ್ ಲಾಗ್‌ಗಿಂತ ಶಿಸ್ತು ಎಂಬ ಮೂರು ಮಾತು ಎಲ್ಲರ ಬಾಯಲ್ಲೂ ಇವೆ. ಟಿ.ಜೆ. ಹೊಲೊವೇಚುಕ್ 2011ರಲ್ಲಿ ಬರೆದ ಈ ಪುಟ್ಟ ಸಲಕರಣೆ ಎಕ್ಸ್‌ಪ್ರೆಸ್, ಸಾಕೆಟ್ ಐಓ, ಮೋಚಾಗಳ ಒಳಗೆಲ್ಲ ಸೇರಿಕೊಂಡು, ಈಗ ವಾರಕ್ಕೆ 30 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗುತ್ತದೆ. ನಾನೂ ಅದನ್ನು ಮೆಚ್ಚಿದವನೇ. ನನ್ನ ತಕರಾರು ಹೊಗಳಿಕೆಯ ಮೇಲೆ. ಅದರ ನಿಜವಾದ ಗುಣವನ್ನು ಯಾರೂ ಎತ್ತಿ ಹೇಳುತ್ತಿಲ್ಲ, ಅದರ ಕೊರತೆಯನ್ನೇ ಗುಣವೆಂದು ಕಲಿಸಲಾಗುತ್ತಿದೆ.

ಗುಣ ಇರುವುದು ಹೆಸರಿಡುವುದರಲ್ಲಿ. ಡೀಬಗ್ ಬಳಸಬೇಕೆಂದರೆ ಮೊದಲು ನೇಮ್‌ಸ್ಪೇಸ್ ಕೊಡಬೇಕು: ತೂಕಕ್ಕೊಂದು, ಬಿಲ್ಲಿಗೊಂದು, ನೆಟ್‌ವರ್ಕಿಗೊಂದು. ಹೆಸರು ಕೊಡಲು ಕೂತಾಗ ತನ್ನ ಪ್ರೋಗ್ರಾಮಿನಲ್ಲಿ ಎಷ್ಟು ಭಾಗಗಳಿವೆ, ಯಾವುದರ ಹೊಣೆ ಎಲ್ಲಿ ಮುಗಿಯುತ್ತದೆ ಎಂದು ಬರೆಯುವವನು ಯೋಚಿಸಲೇಬೇಕಾಗುತ್ತದೆ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಎಷ್ಟು ಮಿಲಿಸೆಕೆಂಡ್ ಕಳೆಯಿತೆಂದು ಕೊನೆಯಲ್ಲಿ ತೋರಿಸುವ ಆ ಸಣ್ಣ ಅಂಕಿಯೂ ನನಗೆ ಬಲು ಇಷ್ಟ. ನಿಧಾನವಾಗಿರುವ ಜಾಗವನ್ನು ಅದು ಬೆರಳಿಟ್ಟು ತೋರಿಸುತ್ತದೆ.

ಹಗುರದ ಮಾತು ಅರ್ಧ ಸತ್ಯ. ಡೀಬಗ್ ಆಫ್ ಆಗಿದ್ದರೂ ಅದಕ್ಕೆ ಕೊಟ್ಟ ಆರ್ಗ್ಯುಮೆಂಟುಗಳನ್ನು ಜಾವಾಸ್ಕ್ರಿಪ್ಟ್ ಮೊದಲೇ ಲೆಕ್ಕಹಾಕಿ ಮುಗಿಸಿರುತ್ತದೆ. ಸಾವಿರ ರೈತರ ಪಟ್ಟಿಯನ್ನು ಜೇಸನ್ ಸ್ಟ್ರಿಂಗ್ ಮಾಡಿ ಡೀಬಗ್‌ಗೆ ಕೊಟ್ಟರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಸ್ಟ್ರಿಂಗ್ ಮಾಡಿದ ಖರ್ಚು ಮಾತ್ರ ಪೂರ್ತಿ ಬೀಳುತ್ತದೆ. ಮೊದಲು ‘ಎನೇಬಲ್ಡ್’ ಇದೆಯೇ ಎಂದು ನೋಡುವ ದಾರಿ ಆ ಪ್ಯಾಕೇಜಿನ ಕೈಪಿಡಿಯಲ್ಲೇ ಇದೆ. ಅದನ್ನು ಬಳಸುವವರು ಕಡಿಮೆ.

ಮೌನದ ವಿಷಯಕ್ಕೆ ನಾನು ಹೆಚ್ಚು ಜಗಳವಾಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆನ್ನಿ. ಕಾಟಾದ ತೂಕವನ್ನು ಫೋನಿನಲ್ಲಿ ತೋರಿಸುವ ಒಂದು ಪುಟ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಸಾಲದ ಕಂತು ತೋರಿಸುವ ಇನ್ನೊಂದು ಪುಟ ಇವೆ. ಹೊಲದಲ್ಲಿ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದ ಹೊತ್ತಿನಲ್ಲಿ ಪುಟ ಬಿಳಿಯಾಗಿ ನಿಂತಿತು. ಇಂಥದ್ದಕ್ಕೆ ಕಲಿಸುವ ಉತ್ತರ ಸಿದ್ಧವಿದೆ: ಲೋಕಲ್ ಸ್ಟೋರೇಜಿನಲ್ಲಿ ಡೀಬಗ್ ಆನ್ ಮಾಡಿಸಿ, ಕನ್ಸೋಲ್ ನೋಡಿ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಆ ಕನ್ಸೋಲ್ ಇಲ್ಲ. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಬೇಕು. ಜೋಡಿಸಿದರೂ ‘ವರ್ಬೋಸ್’ ಮಟ್ಟವನ್ನು ಆರಿಸದಿದ್ದರೆ ಡೀಬಗ್‌ನ ಸಾಲುಗಳನ್ನು ಕ್ರೋಮ್ ಬಚ್ಚಿಡುತ್ತದೆ. ಅಷ್ಟೆಲ್ಲ ಮಾಡುವ ಹೊತ್ತಿಗೆ ನೆಟ್‌ವರ್ಕ್ ಮರಳಿರುತ್ತದೆ, ಪುಟ ನೆಟ್ಟಗೆ ತೆರೆಯುತ್ತದೆ, ದೂರು ಕೊಟ್ಟ ರೈತನೇ ಸುಳ್ಳುಗಾರನಾಗುತ್ತಾನೆ. ಇದನ್ನು ನಾನು ಸಣ್ಣ ಅನ್ಯಾಯವೆಂದು ಒಪ್ಪಲಾರೆ.

ಸರ್ವರ್ ಕಡೆಯಲ್ಲೂ ಇದೇ ಕತೆ. ನೋಡ್‌ನಲ್ಲಿ ಡೀಬಗ್ ಎನ್ವಿರಾನ್‌ಮೆಂಟ್ ವೇರಿಯೇಬಲನ್ನು ಪ್ರೋಗ್ರಾಮ್ ಶುರುವಾಗುವಾಗ ಓದುತ್ತದೆ. ಆನ್ ಮಾಡಬೇಕೆಂದರೆ, ಬೇರೆ ಏರ್ಪಾಡು ಮಾಡಿಕೊಂಡಿಲ್ಲದಿದ್ದಲ್ಲಿ, ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಮಾಡಿದರೆ ಮೆಮೊರಿಯಲ್ಲಿದ್ದ ಕೆಟ್ಟ ಸ್ಥಿತಿಯೂ ಅದರ ಜೊತೆ ಅಳಿಸಿಹೋಗುತ್ತದೆ. ಹುಡುಕಲು ಹೊರಟದ್ದನ್ನು ಹುಡುಕಾಟದ ಮೊದಲ ಹೆಜ್ಜೆಯೇ ಇಲ್ಲವಾಗಿಸುತ್ತದೆ.

ತೊಂದರೆಗೆ ಮೊದಲೇ ಬರೆದಿಡುವುದೆಂದರೆ ಏನೆಂದು ತಿಳಿಯಲು ಘಟಪ್ರಭೆಯ ಮೇಲಿನ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ನೋಡಿ: 51 ಟಿಎಂಸಿ ಸಾಮರ್ಥ್ಯ, 2175 ಅಡಿ ಗರಿಷ್ಠ ಮಟ್ಟ. ಅಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು ದಾಖಲಾಗುವುದು ನೆರೆ ಬಂದಾಗ ಮಾತ್ರವಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದ್ದನ್ನು ಅರಿಯಬೇಕಾದರೆ ಅದರ ಹಿಂದಿನ ದಿನಗಳ ಅಂಕಿ ಬೇಕು. ನೀರು ಊರೊಳಗೆ ಬಂದಮೇಲೆ ಬರೆಯಲು ಶುರುಮಾಡಿದ ಪುಸ್ತಕದಲ್ಲಿ ಆ ಅಂಕಿ ಸಿಗದು.

ಎದುರು ವಾದವೂ ಬಲವಾಗಿದೆ. ಎಲ್ಲವನ್ನೂ ಬರೆದಿಟ್ಟರೆ ಬರೆಯಬಾರದ್ದೂ ಸೇರುತ್ತದೆ ಎನ್ನುತ್ತಾರೆ, ಸರಿ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎನ್ನಬೇಕಾಯಿತು, ಏಕೆಂದರೆ ಹ್ಯಾಶ್ ಆಗುವ ಮೊದಲೇ ಅವು ಒಳಗಿನ ಒಂದು ಲಾಗಿಗೆ ಇದ್ದ ಹಾಗೆಯೇ ಬಿದ್ದಿದ್ದವು. ಆದರೆ ಈ ಘಟನೆ ಏನನ್ನು ಬರೆಯಬೇಕೆಂದು ಆರಿಸಿ ಎನ್ನುತ್ತದೆಯೇ ಹೊರತು ಬರೆಯಲೇಬೇಡಿ ಎನ್ನುವುದಿಲ್ಲ. ನಮ್ಮಲ್ಲೂ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಂಸ್ಥೆಗಳು ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದಿದೆ. ಲಾಗಿನಲ್ಲಿ ಆಧಾರ್ ಸಂಖ್ಯೆ, ಓಟಿಪಿ, ಖಾತೆಯ ಮೊತ್ತ ಬೇಡ. ಯಾವ ಭಾಗ, ಯಾವ ಹಂತ, ಎಷ್ಟು ಹೊತ್ತು, ಯಾವ ಎರರ್ ಎಂಬುದಷ್ಟೇ ಸಾಕು.

ಹೀಗೆ ಆರಿಸಿ ಬರೆದಿಡಲು ಡೀಬಗ್‌ನಲ್ಲೇ ದಾರಿಯಿದೆ. ಮುಖ್ಯ ನೇಮ್‌ಸ್ಪೇಸುಗಳನ್ನು ಸದಾ ಆನ್ ಇಡಿ. ಅದರ ‘ಲಾಗ್’ ಫಂಕ್ಷನನ್ನು ಬದಲಿಸಿ, ಸಾಲುಗಳು ಕನ್ಸೋಲಿಗೆ ಹೋಗದೆ ಮೆಮೊರಿಯ ಒಂದು ಸಣ್ಣ ಪಟ್ಟಿಗೆ ಬೀಳುವಂತೆ ಮಾಡಿ. ಕೊನೆಯ ಇನ್ನೂರು ಸಾಲು ಉಳಿಸಿ ಹಳೆಯದನ್ನು ಬಿಡಿ. ಎರರ್ ಬಂದಾಗ, ನೆಟ್‌ವರ್ಕ್ ಸಿಕ್ಕೊಡನೆ, ಅಷ್ಟನ್ನೂ ಸರ್ವರಿಗೆ ಕಳಿಸಿ.

ಹಗುರವೆಂದರೆ ಅಪಾಯವಿಲ್ಲವೆಂದೂ ಅಲ್ಲ. 2025ರ ಸೆಪ್ಟೆಂಬರ್ 8ರಂದು, ಪ್ಯಾಕೇಜನ್ನು ನೋಡಿಕೊಳ್ಳುವವರಿಗೆ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂ ಹೆಸರಿನ ನಕಲಿ ಈಮೇಲ್ ಕಳಿಸಿ ಖಾತೆ ಕದ್ದವರು, ಡೀಬಗ್‌ನ 4.4.2 ಆವೃತ್ತಿಯಲ್ಲಿ ಕ್ರಿಪ್ಟೊ ಹಣ ಕದಿಯುವ ಕೋಡ್ ಸೇರಿಸಿದ್ದರು. ಕೆಲವೇ ಗಂಟೆಗಳಲ್ಲಿ ಅದನ್ನು ತೆಗೆಯಲಾಯಿತು. ಬರೀ ನೋಡ್ ಸರ್ವರಿಗಾದರೆ, ನೋಡ್‌ನ ಒಳಗೇ ಇರುವ ‘ಡೀಬಗ್‌ಲಾಗ್’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಹೊರಗಿನ ಪ್ಯಾಕೇಜೇ ಬೇಕಿಲ್ಲ.

ಗೋಕಾಕದಲ್ಲೋ ಮೂಡಲಗಿಯಲ್ಲೋ ಕೂತು ಕೋಡ್ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಪುಟ ರೈತರ ಕೈಗೆ ಹೋಗುವ ಮೊದಲು ಕಡಿಮೆ ಬೆಲೆಯ ಒಂದು ಫೋನಿನಲ್ಲಿ ಅದನ್ನು ತೆರೆದು, ಬೇಕೆಂದೇ ನೆಟ್‌ವರ್ಕ್ ಕಡಿದು ಕೆಡಿಸಿ. ಸಂಪರ್ಕ ಮರಳಿದ ಮೇಲೆ ಆ ತಪ್ಪಿನ ಸುಳಿವು ನಿಮ್ಮ ಸರ್ವರಿಗೆ ಬಂತೇ ನೋಡಿ. ಬಾರದಿದ್ದರೆ ಆ ಪುಟವನ್ನು ಬಿಡುಗಡೆ ಮಾಡಬೇಡಿ.