ಹಿಡಿ ಲೆಕ್ಕದ ಅಡುಗೆ

ಒಬ್ಬರ ಅಡುಗೆಯನ್ನು ಆರು ಜನರ ಅಡುಗೆಯ ಆರನೇ ಒಂದು ಪಾಲು ಎಂದು ಲೆಕ್ಕ ಹಾಕಿದರೆ ಕೆಡುತ್ತದೆ. ಬೇಳೆ, ತರಕಾರಿ, ಖಾರ ಆ ಲೆಕ್ಕಕ್ಕೆ ಬಗ್ಗುತ್ತವೆ, ಆವಿಯಾಗಿ ಹೋಗುವ ನೀರು ಬಗ್ಗುವುದಿಲ್ಲ. ಅದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಕುದಿಯಿತು ಎಂಬುದರ ಮೇಲೆ ನಿಂತದ್ದು. ದೊಡ್ಡ ಬೋಗುಣಿಯಲ್ಲಿ ಒಂದು ಹಿಡಿ ಬೇಳೆ ಬೇಯುವ ಮೊದಲೇ ಸೀಯುವುದು ಇದರಿಂದಲೇ. ಹಾಗಾಗಿ ಒಬ್ಬರೇ ಇರುವ ಮನೆಗೆ ಮೊದಲು ಬೇಕಾದದ್ದು ಗೇಣಗಲದ, ದಪ್ಪ ತಳದ ಒಂದು ಬಾಣಲೆ. ಆಮೇಲೆ ಬೇಕಾದದ್ದು ಹಿಡಿ ಲೆಕ್ಕದಲ್ಲಿ ಮಾಡಿದರೂ ರುಚಿ ಕೆಡದ ಅಡುಗೆಗಳು. ಸಾಂಬಾರು ಅಂಥದ್ದಲ್ಲ, ಕಡಲೆಹಿಟ್ಟಿನ ಜುಣಕ ಅಂಥದ್ದು.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಬ್ಯಾಡಗಿಗೆ ತಿರುಗುವಲ್ಲಿ ಇರುವ ಮೋಟೆಬೆನ್ನೂರಿನಂಥ ಊರಿನಲ್ಲಿ ಇಂಥ ಅಡುಗೆಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ವರ್ಗವಾಗಿ ಬಂದ ಮಾಸ್ತರರಿರಲಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಬ್ಬರೇ ಉಳಿದ ಹಿರಿಯರಿರಲಿ, ಅವರ ಅರ್ಧ ಅಡುಗೆ ಡಬ್ಬಿಗಳಲ್ಲಿ ಮೊದಲೇ ಆಗಿರುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಪುಟಾಣಿ ಹಿಟ್ಟು, ಕೆಂಪು ಖಾರ ಈ ಸೀಮೆಯ ಮನೆಗಳಲ್ಲಿ ಸದಾ ಇರುವಂಥವು. ಜೋಳದ ರೊಟ್ಟಿಯನ್ನು ನೀರಿನಂಶ ಪೂರ್ತಿ ಆರುವಂತೆ ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿ ಬಡಿಯುವ ಶ್ರಮ ಒಂದು ದಿನದ್ದು, ಊಟ ಹತ್ತಾರು ದಿನದ್ದು.

ಕೆಂಪು ಖಾರದ ವಿಷಯದಲ್ಲಿ ಈ ಭಾಗ ಪುಣ್ಯವಂತ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ತೆಳ್ಳಗೆ ಉದ್ದವಾಗಿರುವುದು ಕಡ್ಡಿ, ಗಿಡ್ಡಗೆ ದಪ್ಪಗಿರುವುದು ಡಬ್ಬಿ. ಇದರ ಕೆಂಪು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ಆದರೆ ಹೊಗೆಯಾಡುವ ಎಣ್ಣೆಗೆ ಬಿದ್ದ ಪುಡಿ ಕ್ಷಣದಲ್ಲಿ ಕರಕಾಗಿ ಕಹಿಯಾಗುತ್ತದೆ. ಒಗ್ಗರಣೆ ಸಿಡಿದ ಮೇಲೆ ಒಲೆ ಆರಿಸಿ, ಎಣ್ಣೆಯ ಕಾವು ತುಸು ಇಳಿದಾಗ ಪುಡಿ ಉದುರಿಸುವುದು ಸರಿಯಾದ ಕ್ರಮ. ಒಬ್ಬರಿಗೆ ಒಮ್ಮೆಗೆ ಸಾಕಾಗುವುದು ಅರ್ಧ ಚಮಚ. ಹೀಗಾಗಿ ಖಾರದ ಪುಡಿಯ ಡಬ್ಬಿ ತಿಂಗಳುಗಟ್ಟಲೆ ಖಾಲಿಯಾಗದು, ಬೆಳಕಿಗೂ ತೇವಕ್ಕೂ ಬಣ್ಣ ಮಂಕಾಗುತ್ತದೆ. ಒಂಟಿ ಮನೆಯವರು ಖಾರವನ್ನು ಸ್ವಲ್ಪಸ್ವಲ್ಪವೇ ಕುಟ್ಟಿಸಿಕೊಳ್ಳುವುದು ಜಾಣತನ.

ಜುಣಕಕ್ಕೆ ಒಂದು ಪಾಲು ಕಡಲೆಹಿಟ್ಟು, ಮೂರು ಪಾಲು ನೀರು. ಒಬ್ಬರಿಗೆ ನಾಲ್ಕು ದೊಡ್ಡ ಚಮಚ ಹಿಟ್ಟು ಧಾರಾಳವಾಯಿತು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಟ್ಟುಕೊಳ್ಳಬೇಕು, ಏಕೆಂದರೆ ಬಿಸಿ ನೀರಿಗೆ ಒಣ ಹಿಟ್ಟು ಬಿದ್ದರೆ ಹೊರಗಿನ ಪದರ ಬೆಂದು ಗಟ್ಟಿಯಾಗಿ, ಒಳಗೆ ಹಸಿ ಪುಡಿ ಸಿಕ್ಕಿಕೊಳ್ಳುತ್ತದೆ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬಾಡಿಸಿ, ಅರಿಸಿನ, ಉಪ್ಪು ಹಾಕಿ, ಕಲಸಿದ ಹಿಟ್ಟನ್ನು ಸುರಿದು ಕೈಬಿಡದೆ ತಿರುವಬೇಕು. ಎರಡು ನಿಮಿಷಕ್ಕೆ ಗಟ್ಟಿಯಾದರೂ ಆಗ ಇಳಿಸಬಾರದು. ಮುಚ್ಚಿ, ಸಣ್ಣ ಉರಿಯಲ್ಲಿ ಇನ್ನೂ ಐದು ನಿಮಿಷ ಇಟ್ಟರೆ ಮಾತ್ರ ಹಸಿ ವಾಸನೆ ಹೋಗುತ್ತದೆ. ಜುಣಕ ಕೆಡುವುದು ಬಹುಪಾಲು ಈ ಐದು ನಿಮಿಷದ ಅವಸರದಿಂದ.

ಅದಕ್ಕಿಂತ ಸರಳವಾದದ್ದು, ಒಂದೇ ರೊಟ್ಟಿಯಲ್ಲಿ ಮುಗಿಯುವ ಮುಟಗಿ. ಇದಕ್ಕೆ ಕಡಕ್ ರೊಟ್ಟಿ ನಡೆಯದು, ಹಂಚಿನಿಂದ ಆಗಷ್ಟೇ ಇಳಿದ ದಪ್ಪ ರೊಟ್ಟಿಯೇ ಬೇಕು. ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೆಂಪು ಖಾರವನ್ನು ಕಲ್ಲಿನಲ್ಲಿ ಜಜ್ಜಿ, ರೊಟ್ಟಿಯನ್ನು ಬಿಸಿಯಿರುವಾಗಲೇ ಮುರಿದು ಹಾಕಿ ಕುಟ್ಟಿ, ಶೇಂಗಾ ಎಣ್ಣೆಯನ್ನೋ ತುಪ್ಪವನ್ನೋ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುವುದು. ಜೋಳದಲ್ಲಿ ಗೋಧಿಯಂಥ ಅಂಟಿಲ್ಲ, ಆರಿದ ರೊಟ್ಟಿ ಉದುರುತ್ತದೆಯೇ ಹೊರತು ಉಂಡೆಯಾಗುವುದಿಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ತುಂಬಿದ ರುಚಿ ಕೊಡುವ ತಿನಿಸು ಕನ್ನಡ ನಾಡಿನಲ್ಲಿ ವಿರಳ.

ಬೆಳಗಿನ ಹೊತ್ತಿಗೆ ಸುಸಲಾ. ಮಂಡಕ್ಕಿ ನೆನೆದರೆ ಬಹಳ ಕುಗ್ಗುವುದರಿಂದ ಒಬ್ಬರಿಗೂ ದೊಡ್ಡ ಬುಟ್ಟಿ ತುಂಬ ಬೇಕು. ನೀರಿನಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆದು, ಒಗ್ಗರಣೆಗೆ ಹಾಕಿ ಬಿಸಿ ಮಾಡಿದರೆ ಆಯಿತು. ಮೇಲೆ ಉದುರಿಸುವ ಪುಟಾಣಿ ಹಿಟ್ಟು ಉಳಿದ ನೀರನ್ನು ಹೀರಿ ಮಂಡಕ್ಕಿಯನ್ನು ಬಿಡಿಬಿಡಿಯಾಗಿಸುತ್ತದೆ. ಲಿಂಬೆರಸ ಕೊನೆಗೆ.

ಹಸಿ ತಪ್ಪಲಕ್ಕೆ ಒಲೆಯೇ ಬೇಡ. ಹಕ್ಕರಕಿ, ಎಳೆ ಮೆಂತೆ, ಉಳ್ಳಾಗಡ್ಡಿ ತಪ್ಪಲನ್ನು ತೊಳೆದು ಹೆಚ್ಚಿ, ಗುರೆಳ್ಳು ಪುಡಿ, ಎಣ್ಣೆ ಕಲಸಿದರೆ ಪಚಡಿ.

ಅನ್ನಕ್ಕೆ ಕುಕ್ಕರಿನ ತಳದಲ್ಲಿ ನೀರು ಹಾಕಿ, ಒಳಗೆ ಸಣ್ಣ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ, ಇನ್ನೊಂದರಲ್ಲಿ ಹೆಸರುಬೇಳೆ ಇಡುವುದು ಉತ್ತಮ. ಡಬ್ಬಿಯೊಳಗಿನ ನೀರು ಹೆಚ್ಚು ಆರಿಹೋಗದ್ದರಿಂದ ಅಳತೆ ತಪ್ಪುವುದಿಲ್ಲ, ತಳ ಹಿಡಿಯುವ ಭಯವೂ ಇಲ್ಲ. ಉಳಿದ ಅನ್ನವನ್ನು ಒಲೆಯ ಪಕ್ಕ ರಾತ್ರಿಯಿಡೀ ಬಿಡಬಾರದು. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅದರಲ್ಲಿ ಚಿಗುರಿ ವಿಷ ಬಿಡಬಹುದು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟು, ಮರುದಿನ ಬೆಳಿಗ್ಗೆಯೇ ಚಿತ್ರಾನ್ನ ಮಾಡಿ ಮುಗಿಸಬೇಕು. ಫ್ರಿಜ್ ಇಲ್ಲದವರು ಆ ಹೊತ್ತಿಗೆ ಸಾಕಾಗುವಷ್ಟೇ ಅಕ್ಕಿ ಹಾಕಿದರೆ ಸರಿ.