ಐದು ಹೆಣ್ಣುಮಕ್ಕಳ ಮನೆ

ಜೇನ್ ಆಸ್ಟಿನ್ ಹುಟ್ಟಿ 2025ರ ಡಿಸೆಂಬರಿಗೆ 250 ವರ್ಷ ತುಂಬಿತು. ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿಯ ಮಗಳು, ಮದುವೆಯಾಗದೆ ಉಳಿದವಳು, 41ನೇ ವಯಸ್ಸಿಗೆ ತೀರಿಕೊಂಡವಳು. ಅವಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ 1813ರಲ್ಲಿ ಅಚ್ಚಾದಾಗ ಪುಸ್ತಕದ ಮೇಲೆ ಅವಳ ಹೆಸರೇ ಇರಲಿಲ್ಲ. 110 ಪೌಂಡು ತೆಗೆದುಕೊಂಡು ಹಕ್ಕನ್ನೆಲ್ಲ ಪ್ರಕಾಶಕನಿಗೆ ಬಿಟ್ಟುಕೊಟ್ಟಿದ್ದಳು. ಟಿ.ವಿ.ಯವರು ಮಾತ್ರ ಆ ಕಥೆಯನ್ನು ಇವತ್ತಿನವರೆಗೂ ಬಿಟ್ಟಿಲ್ಲ. ನಮ್ಮ ದೂರದರ್ಶನದಲ್ಲೇ 1985ರಲ್ಲಿ ‘ತೃಷ್ಣಾ’ ಎಂಬ ಹೆಸರಿನಲ್ಲಿ ಹಿಂದಿ ಧಾರಾವಾಹಿಯಾಗಿ ಬಂದಿತ್ತು. ಆಗ ನಾನು ಹೈಸ್ಕೂಲು. ಬೆಂಗಳೂರಿನ ದೊಡ್ಡಮ್ಮನ ಮನೆಯಲ್ಲಿ ಎರಡೋ ಮೂರೋ ಕಂತು ನೋಡಿದ ನೆನಪು. ಹೆಣ್ಣುಮಕ್ಕಳ ಮದುವೆಗೆ ಒದ್ದಾಡುವ ತಾಯಿ, ಬಿಗಿದ ಮುಖದ ಶ್ರೀಮಂತ ಹುಡುಗ. ಮೂಲ ಇಂಗ್ಲಿಷಿನದು ಎಂದು ದೊಡ್ಡಮ್ಮ ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಲೋಕವೆಲ್ಲ ಹಾಡಿ ಹೊಗಳುವುದು ಬಿ.ಬಿ.ಸಿ.ಯವರು 1995ರಲ್ಲಿ ತೆಗೆದ ಆರು ಕಂತುಗಳ ಧಾರಾವಾಹಿಯನ್ನು. ಬರೆದವರು ಆಂಡ್ರೂ ಡೇವಿಸ್, ನಾಯಕ ಡಾರ್ಸಿಯಾಗಿ ಕಾಲಿನ್ ಫರ್ತ್, ಎಲಿಜಬೆತ್ ಆಗಿ ಜೆನಿಫರ್ ಈಲಿ. ಇದನ್ನು ಹೆಂಗಸರು ಮತ್ತೆ ಮತ್ತೆ ಏಕೆ ನೋಡುತ್ತಾರೆ ಎಂದು ಕೇಳಿದರೆ ಎಲ್ಲ ಕಡೆಯೂ ಸಿಗುವ ಉತ್ತರ ಒಂದೇ: ಡಾರ್ಸಿ. ಅವನು ಬಟ್ಟೆಯಲ್ಲೇ ಕೆರೆಗೆ ಧುಮುಕಿ ಆಮೇಲೆ ಒದ್ದೆ ಅಂಗಿಯಲ್ಲಿ ನಡೆದು ಬರುವ ದೃಶ್ಯ ಎಷ್ಟು ಹೆಸರಾಯಿತೆಂದರೆ, 2013ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಕೆರೆಯಲ್ಲಿ ಅವನದೊಂದು 12 ಅಡಿಯ ಪ್ರತಿಮೆಯನ್ನೇ ನಿಲ್ಲಿಸಿದ್ದರು. ಕಾದಂಬರಿಯಲ್ಲಿ ಡಾರ್ಸಿ ಯಾವ ಕೆರೆಗೂ ಇಳಿಯುವುದಿಲ್ಲ, ಪಾಪ. ಒಂದು ದಿನ ಮುಂಚೆ ತನ್ನ ಮನೆಗೆ ತಾನು ಬರುತ್ತಾನೆ, ಅಷ್ಟೇ.

ಡಾರ್ಸಿಯ ಮೇಲೆ ನನಗೇನೂ ಕೋಪವಿಲ್ಲ. ಆದರೆ ಈ ಉತ್ತರ ನನಗೆ ಒಪ್ಪಿಗೆಯಾಗಿಲ್ಲ. ಅದಕ್ಕೆ ಕಾರಣ ನಮ್ಮ ನಾರ್ವೆಯ ನೆರೆಹೊರೆಯವರು. ತಂಗಿಯ ಮಗಳು ಆ ಧಾರಾವಾಹಿಯ ಡಿ.ವಿ.ಡಿ. ತಂದುಕೊಟ್ಟಿದ್ದಳು. ಒಂದು ಆಟಿ ತಿಂಗಳಲ್ಲಿ, ಕರೆಂಟು ಇದ್ದಷ್ಟು ಹೊತ್ತು, ನಾಲ್ಕಾರು ಜನ ಹೆಂಗಸರು ಕೂತು ನೋಡಿದೆವು. ಅವರಿಗೆ ಇಂಗ್ಲಿಷ್ ಬಾರದು, ನಾನು ಪಕ್ಕದಲ್ಲಿ ಕೂತು ಕನ್ನಡ ಹೇಳುತ್ತಿದ್ದೆ. ಮೊದಲ ಕಂತು ಅರ್ಧವೂ ಆಗಿರಲಿಲ್ಲ, ತೋಟದ ಮನೆಯ ಅತ್ತಿಗೆಯೊಬ್ಬರು ಕೇಳಿದರು: “ಗಂಡುಮಕ್ಕಳಿಲ್ಲ ಅಂತಾಯ್ತು. ಹಾಗಾದ್ರೆ ಆ ಮನೆ, ಜಮೀನು ಯಾರಿಗೆ ಹೋಗ್ತದೆ ಮಾರಾಯ್ತಿ?” ಡಾರ್ಸಿ ಆಗಲೇ ತೆರೆಯ ಮೇಲೆ ಬಂದಾಗಿತ್ತು. ಅವನನ್ನು ಯಾರೂ ಕೇಳಲಿಲ್ಲ.

ಕಾದಂಬರಿಯ ಕೀಲಿಕೈ ಇರುವುದು ಆ ಪ್ರಶ್ನೆಯಲ್ಲೇ ಎಂದು ನನಗನ್ನಿಸುತ್ತದೆ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು. ವರ್ಷಕ್ಕೆ 2,000 ಪೌಂಡು ಹುಟ್ಟುವಳಿಯ ಆಸ್ತಿ. ಆದರೆ ಅದು ಗಂಡುಸಂತಾನಕ್ಕೇ ಹೋಗಬೇಕೆಂದು ಹಿಂದಿನವರು ಬರೆದಿಟ್ಟುಬಿಟ್ಟಿದ್ದಾರೆ. ಹಾಗಾಗಿ ತಂದೆ ಕಣ್ಣು ಮುಚ್ಚಿದ ಮರುದಿನ ಅದು ಮಿಸ್ಟರ್ ಕಾಲಿನ್ಸ್ ಎಂಬ ದಾಯಾದಿಯ ಪಾಲು. ತಾಯಿ ಮಕ್ಕಳು ಬೀದಿಗೆ. ಇದನ್ನು ಇಂಗ್ಲಿಷ್ ಎಂ.ಎ. ಮಾಡುವವರಿಗೆ ಅಡಿಟಿಪ್ಪಣಿ ಹಾಕಿ ವಿವರಿಸಬೇಕಾಗುತ್ತದಂತೆ. ನಮ್ಮ ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ತೋಟದ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಪಾಲಾಗದ ಒಟ್ಟುಮನೆಯಲ್ಲಿ ಗಂಡುಮಕ್ಕಳಿಲ್ಲದೆ ಸತ್ತವನ ಭಾಗ ಅಣ್ಣತಮ್ಮಂದಿರ ಕಡೆಗೆ ಸರಿದುಹೋಗುತ್ತಿದ್ದ ಕಾಲವನ್ನು ಅವರ ಅಜ್ಜಿಯರು ಕಂಡಿದ್ದಾರೆ.

ಈಗ ಕಾನೂನು ಬದಲಾಗಿದೆ, ನಿಜ. 1956ರ ಕಾಯಿದೆ ಬಂತು. 1994ರಲ್ಲಿ ಕರ್ನಾಟಕ ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ ಆ ಬೇಲಿಯನ್ನೂ ತೆಗೆಯಿತು. ಆಮೇಲೆ ಏನಾಯಿತು ಎಂದರೆ, ಅಕ್ಕತಂಗಿಯರು ಸಾಲಾಗಿ ನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ ಬಂದರು. ನಾನೂ ನನ್ನ ಅಕ್ಕನೂ 2009ರಲ್ಲಿ ಹಾಕಿದ್ದೇವೆ. ಬರುವಾಗ ಹೋಟೆಲಿನಲ್ಲಿ ಮಸಾಲೆದೋಸೆ, ಮನೆಗೆ ಬಂದ ಮೇಲೆ ಅರಿಸಿನ ಕುಂಕುಮದ ಜೊತೆ ಒಂದೊಂದು ಸೀರೆ. ಯಾರೂ ಬಲವಂತ ಮಾಡಲಿಲ್ಲ, ಕೇಳಲೂ ಇಲ್ಲ. ನಮ್ಮಣ್ಣ ಕೆಟ್ಟವನಲ್ಲ. ಮಿಸ್ಟರ್ ಕಾಲಿನ್ಸೂ ಕೆಟ್ಟವನಲ್ಲ. ಐವರಲ್ಲಿ ಒಬ್ಬಳನ್ನು ಮದುವೆಯಾಗಿ ಋಣ ತೀರಿಸುತ್ತೇನೆಂದು ತಾನಾಗಿಯೇ ಬರುತ್ತಾನೆ. ಆಸ್ಟಿನ್ ನಮ್ಮನ್ನು ನಗಿಸುವುದು ಅವನ ದಡ್ಡತನಕ್ಕೆ. ಅವನ ಕೈಯಲ್ಲಿರುವ ಕಾಗದದ ವಿಷಯದಲ್ಲಿ ಅವಳು ನಗುವುದಿಲ್ಲ.

ಹೀಗೆ ನೋಡಿದರೆ ಶ್ರೀಮತಿ ಬೆನೆಟ್ಟಳ ಮೇಲೆ ಎಲ್ಲರೂ ನಗುವುದು ಸ್ವಲ್ಪ ಅನ್ಯಾಯವೇ. ಬಾಯಿಬಡುಕಿ, ತಿಳಿವಳಿಕೆ ಕಡಿಮೆ, ಎಲ್ಲ ಒಪ್ಪಿದೆ. ಧಾರಾವಾಹಿಯಲ್ಲಂತೂ ಅವಳ ಕಿರುಚಾಟ ಕಿವಿ ಮುಚ್ಚಿಕೊಳ್ಳುವ ಹಾಗಿದೆ. ಆದರೆ ಆ ಮನೆಯಲ್ಲಿ ಸೂರಿನ ಚಿಂತೆ ಮಾಡುವವಳು ಅವಳೊಬ್ಬಳೇ. ಗಂಡ ಜಾಣ, ಹಾಸ್ಯಗಾರ, ಪುಸ್ತಕದ ಕೋಣೆ ಬಿಟ್ಟು ಹೊರಗೆ ಬರುವವನಲ್ಲ. ಮಗ ಹುಟ್ಟೇ ಹುಟ್ಟುತ್ತಾನೆಂದು ಕಾಯುತ್ತಾ ಕೂತು ಒಂದು ಕಾಸೂ ಕೂಡಿಡಲಿಲ್ಲ. ಓದುಗರಿಗೆ ಆ ತಂದೆ ಇಷ್ಟ. ನನಗೆ ವಯಸ್ಸಾದಂತೆ ಅವನ ಹಾಸ್ಯ ರುಚಿಸುವುದು ಕಡಿಮೆಯಾಗುತ್ತಿದೆ.

ಇನ್ನು ಟಿ.ವಿ.ಯ ಕೈವಾಡ ನೋಡಿ. ಕಾದಂಬರಿ ಶುರುವಾಗುವುದು ಗಂಡ ಹೆಂಡಿರ ಮನೆಮಾತಿನಿಂದ. ಪಕ್ಕದ ಬಂಗಲೆಗೆ ಹಣವಂತ ಬ್ರಹ್ಮಚಾರಿ ಬಂದಿದ್ದಾನೆ, ಹೋಗಿ ಮಾತಾಡಿಸಿ ಬನ್ನಿ ಎಂದು ಅವಳು, ಚೇಷ್ಟೆ ಮಾಡುತ್ತಾ ಅವನು. ಧಾರಾವಾಹಿ ಶುರುವಾಗುವುದು ಇಬ್ಬರು ಗಂಡಸರು ಬಯಲಿನಲ್ಲಿ ಕುದುರೆ ಓಡಿಸುವುದರಿಂದ. ಎಲಿಜಬೆತ್ ದಿಬ್ಬದ ಮೇಲಿಂದ ಅವರನ್ನು ನೋಡುತ್ತಾಳೆ. ನೋಡಲು ಚೆಂದವಾಗಿಯೇ ಇದೆ. ಆದರೆ ಮೊದಲ ನಿಮಿಷದಲ್ಲೇ ನಮಗೆ ಗೊತ್ತಾಗಿಹೋಯಿತು, ರಾಜಕುಮಾರ ಬಂದ ಎಂದು. ಮುಂದೆ ಏನೇ ಆದರೂ ಹೆದರಿಕೆಯಿಲ್ಲ.

ಎರಡನೇ ಕಂತಿನಲ್ಲಿ ಕಾಲಿನ್ಸ್ ಬಂದು ಎಲಿಜಬೆತ್ತಳನ್ನು ಕೇಳುತ್ತಾನೆ. ತನ್ನ ಮದುವೆಗೆ ಕಾರಣಗಳನ್ನು ಒಂದು, ಎರಡು, ಮೂರು ಎಂದು ಲೆಕ್ಕ ಹಾಕಿ ಹೇಳುತ್ತಾನೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹುಡುಗಿ ನೋಡಲು ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ತನ್ನ ಸಂಬಳದ ಭಾಷಣ ಮಾಡಿದ ಗಂಡುಗಳು ಎಲ್ಲರ ನೆನಪಿಗೂ ಬಂದಿರಬೇಕು. ಅವಳು ಒಲ್ಲೆ ಎನ್ನುತ್ತಾಳೆ. ತೆರೆಯ ಮೇಲೆ ಅದು ಹಾಸ್ಯ, ಏಕೆಂದರೆ ಕುದುರೆಯ ಮೇಲಿದ್ದವನು ಇದ್ದಾನಲ್ಲ!

ಅದೇ ಜಾಗವನ್ನು ಪುಸ್ತಕದಲ್ಲಿ ನಿಧಾನವಾಗಿ ಓದಿ. ಡಾರ್ಸಿಯ ಮನಸ್ಸನ್ನು ಆಸ್ಟಿನ್ ಅಲ್ಲೊಮ್ಮೆ ಇಲ್ಲೊಮ್ಮೆ ತೆರೆದು ಮುಚ್ಚಿಬಿಡುತ್ತಾಳೆ. ಎಲಿಜಬೆತ್ತಳಿಗೆ ಅದರ ಸುಳಿವೂ ಇಲ್ಲ. ಅವನನ್ನು ಕಂಡರೆ ಅವಳಿಗಾಗದು. ಸ್ವಲ್ಪ ಒಲವಿರುವುದು ವಿಕ್‌ಹ್ಯಾಮ್ ಎಂಬ ಸಿಹಿಮಾತಿನ ಸೈನ್ಯಾಧಿಕಾರಿಯ ಮೇಲೆ, ಅವನ ಜೇಬು ಖಾಲಿ. ತನ್ನನ್ನೂ ನಾಲ್ವರು ಸೋದರಿಯರನ್ನೂ ತಾಯಿಯನ್ನೂ ಅದೇ ಮನೆಯಲ್ಲಿ ಉಳಿಸಬಲ್ಲ ಒಬ್ಬನೇ ಗಂಡನ್ನು ಅವಳು ಬೇಡ ಎನ್ನುತ್ತಿದ್ದಾಳೆ. ಹಿಂದೆ ಯಾರೂ ನಿಂತಿಲ್ಲ. ವಯಸ್ಸು ಇಪ್ಪತ್ತು. ಅದು ತಮಾಷೆಯ ಮಾತಲ್ಲ. ಆ ‘ಒಲ್ಲೆ’ಗಾಗಿಯೇ ಹೆಂಗಸರು ಈ ಪುಸ್ತಕವನ್ನು ಇನ್ನೂರು ವರ್ಷದಿಂದ ಎತ್ತಿಟ್ಟುಕೊಂಡಿದ್ದಾರೆ ಎಂದು ನನ್ನ ನಂಬಿಕೆ. ಡಾರ್ಸಿ ಅದಕ್ಕೆ ಸಿಕ್ಕಿದ ಬಹುಮಾನ. ಬಹುಮಾನ ಸಿಗದಿದ್ದರೂ ಅವಳು ಹಾಗೇ ಹೇಳುತ್ತಿದ್ದಳು.

ಒಲ್ಲೆ ಎನ್ನಲಾರದವಳು ಷಾರ್ಲೆಟ್. ಎಲಿಜಬೆತ್ತಳ ಗೆಳತಿ, 27 ವರ್ಷ, ರೂಪವಿಲ್ಲ, ಹಣವಿಲ್ಲ. ಎಲಿಜಬೆತ್ ಬಿಟ್ಟ ಕಾಲಿನ್ಸನನ್ನು ಮೂರೇ ದಿನದಲ್ಲಿ ಒಪ್ಪಿಕೊಳ್ಳುತ್ತಾಳೆ. ಪ್ರೀತಿಗಲ್ಲ, ತನ್ನದೊಂದು ಮನೆಗೆ. ಮದುವೆಯಾದ ಮೇಲೆ ಅವಳ ಮನೆಯಲ್ಲೊಂದು ಸಣ್ಣ ವಿಷಯವಿದೆ. ಮುಂದುಗಡೆಯ ಒಳ್ಳೆಯ ಕೋಣೆ ಬಿಟ್ಟು ಹಿಂದುಗಡೆಯದರಲ್ಲಿ ಅವಳು ಕೂತುಕೊಳ್ಳುತ್ತಾಳೆ. ಏಕೆಂದರೆ ಗಂಡನ ಕೋಣೆ ರಸ್ತೆಯ ಕಡೆಗಿದೆ. ಅವಳೂ ಚೆಂದದ ಕೋಣೆಯಲ್ಲಿ ಕೂತರೆ ಅವನು ಪದೇ ಪದೇ ಅಲ್ಲಿಗೆ ಬರುತ್ತಾನೆ. ಅವನಿಗೆ ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಹುರಿದುಂಬಿಸುತ್ತಾಳೆ. ಧಾರಾವಾಹಿಯವರು ಇದನ್ನು ಬಿಟ್ಟಿಲ್ಲ, ಆ ಮಟ್ಟಿಗೆ ಡೇವಿಸರನ್ನು ಮೆಚ್ಚಬೇಕು. ಆ ದೃಶ್ಯ ಬಂದಾಗ ನಮ್ಮ ಕೋಣೆಯಲ್ಲಿ ಯಾರೂ ನಗಲಿಲ್ಲ. ಒಬ್ಬರು ಎದ್ದು ಹಾಲಿಗೆ ಹೆಪ್ಪು ಹಾಕಬೇಕು ಎಂದು ಹೊರಟುಹೋದರು.

ಈಚೆಗೆ ನಮ್ಮ ಮಲೆನಾಡಿನಲ್ಲಿ ಲೆಕ್ಕ ತಿರುಗಿದೆ. ತೋಟ ನೋಡಿಕೊಂಡು ಊರಲ್ಲಿರುವ ಮಾಣಿಗಳಿಗೆ ಹೆಣ್ಣು ಸಿಗುತ್ತಿಲ್ಲ. ಹೆಣ್ಣುಮಕ್ಕಳು ಬೆಂಗಳೂರು, ಅಮೆರಿಕ ಎಂದು ಎಣಿಸುತ್ತಾರೆ. ಹಿರಿಯರು ಬೈಯುತ್ತಾರೆ. ಆಸ್ಟಿನ್ ಬೈಯುತ್ತಿರಲಿಲ್ಲ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡು ಎಂದು ಅವನು ಸಭೆಗೆ ಕಾಲಿಟ್ಟ ಐದು ನಿಮಿಷದಲ್ಲೇ ಊರಿಗೆಲ್ಲ ಹರಡುವ ಹಾಗೆ ಬರೆದವಳು ಅವಳು. ಎಣಿಸುವುದು ಪಾಪವಲ್ಲ, ಎಣಿಸಿದ ಮೇಲೂ ಒಲ್ಲೆ ಎನ್ನಬಲ್ಲೆವೇ ಎನ್ನುವುದು ಅವಳ ಪ್ರಶ್ನೆ.

ಕನ್ನಡದಲ್ಲಿ ಇದನ್ನು ದೇಜಗೌ ಅವರು ‘ಹಮ್ಮು-ಬಿಮ್ಮು’ ಎಂದು ಅನುವಾದಿಸಿದ್ದಾರೆ. ಬಾಯಿ ತುಂಬುವ ಹೆಸರು, ನನಗಂತೂ ಬಹಳ ಇಷ್ಟ. ಆದರೆ ಹಮ್ಮೂ ಬಿಮ್ಮೂ ಎರಡೂ ಡಾರ್ಸಿಯ ಕಡೆಯವೇ ಆಗಿಬಿಟ್ಟವು. ಎಲಿಜಬೆತ್ತಳ ಪಾಲಿನದು ಪೂರ್ವಗ್ರಹ, ಒಮ್ಮೆ ನೋಡಿ ತೀರ್ಮಾನಿಸಿಬಿಡುವುದು. ಅದು ಹೆಸರಿನಲ್ಲಿ ಉಳಿಯಲಿಲ್ಲ. ಟಿ.ವಿ.ಯಲ್ಲೂ ಉಳಿಯುವುದು ಕಷ್ಟ. ಡಾರ್ಸಿ ಬರೆದುಕೊಟ್ಟ ಪತ್ರವನ್ನು ಹಿಡಿದು ಅವಳು ಎರಡು ಗಂಟೆ ಹೊತ್ತು ದಾರಿಯಲ್ಲಿ ಅತ್ತಿಂದಿತ್ತ ತಿರುಗುತ್ತಾಳೆ. ಓದುತ್ತಾಳೆ, ಮಡಿಸುತ್ತಾಳೆ, ಮತ್ತೆ ಬಿಡಿಸುತ್ತಾಳೆ. ಒಂದು ಇಡೀ ಅಧ್ಯಾಯದಲ್ಲಿ ಒಬ್ಬ ಹುಡುಗಿ ಓದಿ ಯೋಚಿಸುವುದು ಬಿಟ್ಟು ಬೇರೇನೂ ನಡೆಯುವುದಿಲ್ಲ. ಕ್ಯಾಮೆರಾ ಪಾಪ ಏನು ಮಾಡೀತು, ಅಲ್ಲಿ ಡಾರ್ಸಿಯ ದನಿ ಕೇಳಿಸಿ ಅವನ ಹಳೆಯ ಕಥೆ ತೋರಿಸುತ್ತದೆ. ಪುಸ್ತಕದಲ್ಲಿ ನಾವು ಅವಳ ಜೊತೆಗೆ, ಅದೇ ಸಾಲನ್ನು ಎರಡನೇ ಸಲ ಓದುತ್ತಾ, ಆ ದಾರಿಯಲ್ಲಿ ನಡೆಯುತ್ತಿರುತ್ತೇವೆ.